ಸಾರ್ವಜನಿಕ ಗ್ರಂಥಾಲಯದಲ್ಲಿ ‘ಸಾರ್ವಜನಿಕ’ ಯಾರು?

1

ಭಾರತದ ಸಾರ್ವಜನಿಕ ಗ್ರಂಥಾಲಯ ಚಳುವಳಿಯ ಚರಿತ್ರೆ ಬರೆದವರು ಸಾಮಾನ್ಯವಾಗಿ ಬರೋಡ ಸಂಸ್ಥಾನದ ಹೆಸರು ಹೇಳದೆ ಮುಂದಕ್ಕೆ ಹೋಗುವುದಿಲ್ಲ. ಅದು ಸರಿಯಾದದ್ದೇ. ಹಳ್ಳಿಯವರ ಕೈಗೂ ಪುಸ್ತಕ ಸಿಗಬೇಕು, ಅದಕ್ಕೆ ಕಾಸು ಕೊಡಬೇಕಾಗಿರಬಾರದು, ಅದು ಸರ್ಕಾರದ ಹೊಣೆ ಎಂದು ಒಪ್ಪಿ ನಡೆದ ಮೊದಲ ದೊಡ್ಡ ಪ್ರಯತ್ನ ಮೂರನೇ ಸಯಾಜಿರಾವ್ ಗಾಯಕವಾಡರದು. ಬಾಬಾಸಾಹೇಬ ಅಂಬೇಡ್ಕರರ ಜೀವನ ಚರಿತ್ರೆ ಬರೆದವರೂ ಬರೋಡಕ್ಕೆ ಬಂದೇ ಬರುತ್ತಾರೆ. ಅವರಿಗೆ ಕಾಲೇಜು ಓದಲು, ವಿದೇಶಕ್ಕೆ ಹೋಗಲು ಹಣ ಕೊಟ್ಟವರು ಇದೇ ಸಯಾಜಿರಾವ್. ಅವರನ್ನು ಇರಲು ಒಂದು ಕೋಣೆ ಕೊಡದೆ ಓಡಿಸಿದ ಊರೂ ಇದೇ ಬರೋಡ.

ಆಶ್ಚರ್ಯವೆಂದರೆ ಈ ಎರಡು ಚರಿತ್ರೆಗಳು ಒಂದರ ಮುಖವನ್ನು ಇನ್ನೊಂದು ನೋಡಿಯೇ ಇಲ್ಲ. ಗ್ರಂಥಾಲಯ ವಿಜ್ಞಾನ ಓದುವ ಹುಡುಗರಿಗೆ ಬರೋಡ ಅಂದರೆ ಬೋರ್ಡನ್ ಸಾಹೇಬ, ಸಂಚಾರಿ ಪೆಟ್ಟಿಗೆ, ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿ. ಸಂಘಟನೆಯ ಹುಡುಗರಿಗೆ ಬರೋಡ ಅಂದರೆ ಅವಮಾನ, ಒಂದು ತೋಟ, ಕಣ್ಣೀರು. ಎರಡೂ ನಡೆದದ್ದು ಒಂದೇ ಪೇಟೆಯಲ್ಲಿ, ಏಳೇ ವರ್ಷದ ಅಂತರದಲ್ಲಿ.

ದಲಿತ ವಿಮರ್ಶೆ ಅಂದರೆ ದಲಿತರು ಬರೆದ ಕತೆ ಕವಿತೆಗಳನ್ನು ವಿಮರ್ಶೆ ಮಾಡುವುದು ಮಾತ್ರ ಅಂತ ನಾನು ತಿಳಿದಿಲ್ಲ. ನಾವು ದಿನಾ ಬಳಸುವ, ಯಾರೂ ಅನುಮಾನಿಸದ ಪದಗಳನ್ನು ಹಿಡಿದು ನಿಲ್ಲಿಸಿ, ‘ನಿನ್ನೊಳಗೆ ಯಾರಿದ್ದಾರೆ, ಯಾರಿಲ್ಲ?’ ಅಂತ ಕೇಳುವುದೂ ಅದರ ಕೆಲಸ. ಅಂಥ ಒಂದು ಪದ ‘ಸಾರ್ವಜನಿಕ’. ಗ್ರಂಥಾಲಯವನ್ನು ಮುಂದಿಟ್ಟುಕೊಂಡು ಈ ಪದವನ್ನು ಇಲ್ಲಿ ವಿಚಾರಣೆ ಮಾಡಲು ಪ್ರಯತ್ನಿಸಿದ್ದೇನೆ.

2

ಮೊದಲು ಸಯಾಜಿರಾವ್ ಏನು ಮಾಡಿದರು ಎಂಬುದನ್ನು ನ್ಯಾಯವಾಗಿ ನೋಡಬೇಕು.

ಅವರು ಅರಮನೆಯಲ್ಲಿ ಹುಟ್ಟಿದವರಲ್ಲ. 1863ರಲ್ಲಿ ನಾಸಿಕ್ ಸೀಮೆಯ ಕವಳಾಣೆ ಎಂಬ ಹಳ್ಳಿಯಲ್ಲಿ ಬೇಸಾಯದ ಮನೆಯಲ್ಲಿ ಹುಟ್ಟಿದ ಗೋಪಾಳರಾವ್ ಎಂಬ ಹುಡುಗನನ್ನು 1875ರಲ್ಲಿ ದತ್ತು ತೆಗೆದುಕೊಂಡು ಗಾದಿಗೆ ಕೂರಿಸಿದರು. ಆಗ ಅವನಿಗೆ ಹನ್ನೆರಡು ವರ್ಷ, ಅಕ್ಷರ ಬರುತ್ತಿರಲಿಲ್ಲ. ರಾಜನಾದ ಮೇಲೆ ಅಕ್ಷರ ಕಲಿತ ಮನುಷ್ಯ ಆತ. ಅಕ್ಷರದ ಬೆಲೆ ಅವರಿಗೆ ಗೊತ್ತಿದ್ದದ್ದು ಹೀಗೆ. ಅಧಿಕಾರ ವಹಿಸಿಕೊಂಡ ಕೆಲವೇ ವರ್ಷಗಳಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆಸಿದರು. ಆ ಶಾಲೆಗಳಿಗೆ ಬಂದು ಪಾಠ ಮಾಡಲು ಸವರ್ಣ ಹಿಂದೂ ಮೇಷ್ಟ್ರುಗಳು ಒಪ್ಪುತ್ತಿರಲಿಲ್ಲ. ಮುಸಲ್ಮಾನ ಮೇಷ್ಟ್ರುಗಳನ್ನೂ ಆಮೇಲೆ ಆರ್ಯಸಮಾಜದವರನ್ನೂ ಹುಡುಕಬೇಕಾಯಿತು. 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ, 1906ರಲ್ಲಿ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು, ಉಚಿತವಾಗಿ ಕೊಟ್ಟರು.

ಶಾಲೆಯಾದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ನಾಲ್ಕನೇ ಇಯತ್ತೆ ಓದಿದ ರೈತನ ಮಗ ಮತ್ತೆ ಹೊಲಕ್ಕೆ ಹೋದ ಮೇಲೆ ಓದುವುದಕ್ಕೆ ಏನೂ ಇರದಿದ್ದರೆ ಕಲಿತ ಅಕ್ಷರ ಎಷ್ಟು ದಿನ ಉಳಿದೀತು? ಗ್ರಂಥಾಲಯದ ಯೋಚನೆಗೆ ಬುಡ ಇದೇ. 1906ರಲ್ಲಿ ಅಮೆರಿಕಕ್ಕೆ ಹೋದಾಗ ಅಲ್ಲಿನ ಊರೂರಿನ ಗ್ರಂಥಾಲಯಗಳನ್ನು ಅವರು ನೋಡಿಬಂದಿದ್ದರು. 1910ರಲ್ಲಿ ಅಲ್ಲಿನ ನ್ಯೂಹೇವನ್ ಊರಿನ ಗ್ರಂಥಪಾಲ ವಿಲಿಯಂ ಅಲನ್ಸನ್ ಬೋರ್ಡನ್‌ರನ್ನು ಕರೆಸಿದರು. ಬೋರ್ಡನ್ ಮೂರು ವರ್ಷ ಇದ್ದು ಒಂದು ಇಲಾಖೆಯನ್ನೇ ಕಟ್ಟಿದರು. ಅರಮನೆಯ ಸ್ವಂತ ಪುಸ್ತಕಗಳನ್ನು ಸಯಾಜಿರಾವ್ ಕೊಟ್ಟರು. ಬರೋಡದ ಕೇಂದ್ರ ಗ್ರಂಥಾಲಯಕ್ಕೆ ಅವೇ ಅಡಿಪಾಯ. 1911ರಲ್ಲಿ ಗ್ರಂಥಪಾಲರಿಗೆ ತರಬೇತಿ ತರಗತಿ ಶುರುವಾಯಿತು. 1912ರಲ್ಲಿ ‘ಲೈಬ್ರರಿ ಮಿಸಲೆನಿ’ ಎಂಬ ಪತ್ರಿಕೆ ಇಂಗ್ಲಿಷು, ಗುಜರಾತಿ, ಮರಾಠಿ ಮೂರರಲ್ಲೂ ಬಂತು.

ಈ ವ್ಯವಸ್ಥೆ ನಡೆಯುತ್ತಿದ್ದ ರೀತಿ ನಾವು ಗಮನಿಸಬೇಕಾದದ್ದು. ಹಳ್ಳಿಯ ಜನ ಒಂದು ಪಾಲು ಹಣ ಕೂಡಿಸಿದರೆ ಪಂಚಾಯತಿ ಒಂದು ಪಾಲು, ಸರ್ಕಾರ ಒಂದು ಪಾಲು ಹಾಕುತ್ತಿತ್ತು. ಗ್ರಂಥಾಲಯ ಇಲ್ಲದ ಹಳ್ಳಿಗಳಿಗೆ ಮರದ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಕಳಿಸುತ್ತಿದ್ದರು. ಒಂದು ಊರಿನವರು ಓದಿ ಮುಗಿಸಿದ ಮೇಲೆ ಆ ಪೆಟ್ಟಿಗೆ ವಾಪಸು ಬಂದು ಇನ್ನೊಂದು ಊರಿಗೆ ಹೋಗುತ್ತಿತ್ತು. ಹೆಂಗಸರಿಗೆ, ಮಕ್ಕಳಿಗೆ ಬೇರೆ ವಿಭಾಗಗಳಿದ್ದವು. ಓದಲು ಬಾರದವರನ್ನೂ ಮರೆಯಲಿಲ್ಲ. ಅವರಿಗೆ ಚಿತ್ರಗಳನ್ನು ತೆರೆಯ ಮೇಲೆ ತೋರಿಸುವ ಒಂದು ಶಾಖೆಯೇ ಇತ್ತು. 1939ರಲ್ಲಿ ಸಯಾಜಿರಾವ್ ತೀರಿಕೊಳ್ಳುವ ಹೊತ್ತಿಗೆ ಸಂಸ್ಥಾನದ ತುಂಬ ಸಾವಿರಕ್ಕೂ ಮೇಲೆ ಗ್ರಂಥಾಲಯಗಳು ಹರಡಿದ್ದವು.

ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದ ಯಾವ ಪ್ರಾಂತ್ಯದಲ್ಲೂ ಆಗ ಇಂಥದ್ದು ಇರಲಿಲ್ಲ. ಇದನ್ನು ರಾಜನ ಶೋಕಿ ಅಂತ ತಳ್ಳಿಹಾಕುವುದು ತಪ್ಪಾಗುತ್ತದೆ. ಪುಸ್ತಕವನ್ನು ಮಠ, ಅಗ್ರಹಾರ, ಅರಮನೆಗಳಿಂದ ಬಿಡಿಸಿ ಪೆಟ್ಟಿಗೆಗೆ ಹಾಕಿ ಹಳ್ಳಿಗೆ ಕಳಿಸಿದ್ದು, ಜ್ಞಾನದ ಯಜಮಾನಿಕೆಯ ಮೇಲೆ ಬಿದ್ದ ಒಂದು ಪೆಟ್ಟೇ ಸರಿ.

3

ಈಗ ಅದೇ ಊರಿಗೆ ಬಂದ ಒಬ್ಬ ಓದುಗನ ಕಡೆಯಿಂದ ನೋಡೋಣ.

ಭೀಮರಾವ್ ಮುಂಬಯಿಯಲ್ಲಿ ಹೈಸ್ಕೂಲು ಓದುತ್ತಿದ್ದಾಗ ಮನೆ ಅಂದರೆ ಪರೇಲಿನ ಚಾಳದಲ್ಲಿ ಒಂದು ಕೋಣೆ. ಅಲ್ಲಿ ಓದಲು ಜಾಗ ಎಲ್ಲಿಂದ ಬರಬೇಕು? ಶಾಲೆ ಬಿಟ್ಟ ಮೇಲೆ ಚರ್ನಿ ರೋಡ್ ತೋಟಕ್ಕೆ ಹೋಗಿ ಕೂತು ಓದುತ್ತಿದ್ದರು. ಅವರ ಮೊದಲ ವಾಚನಾಲಯ ಆ ತೋಟ. ಹಾಗೆ ಓದುತ್ತಿದ್ದ ಹುಡುಗನನ್ನು ಕಂಡು ಮಾತಾಡಿಸಿದವರು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು. ಹುಡುಗ ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೊಟ್ಟವರೂ, ಮುಂದೆ ಸಯಾಜಿರಾವ್ ಹತ್ತಿರ ಕರೆದುಕೊಂಡು ಹೋದವರೂ ಅವರೇ. ಬರೋಡದಿಂದ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿ ವೇತನ ಸಿಕ್ಕಿತು. 1913ರಲ್ಲಿ ಅದೇ ಸಂಸ್ಥಾನದ ಹಣದಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಓದಿ ಬಂದ ಮೇಲೆ ಹತ್ತು ವರ್ಷ ಬರೋಡದಲ್ಲಿ ಕೆಲಸ ಮಾಡಬೇಕು ಎಂಬುದು ಕರಾರು.

1917ರಲ್ಲಿ ವಾಪಸು ಬಂದರು. ಬರುವಾಗ ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಸಾಮಾನು ಯುದ್ಧದಲ್ಲಿ ಹಡಗಿನ ಸಮೇತ ಮುಳುಗಿತು. ಊಟ ಬಿಟ್ಟು ಕೂಡಿಸಿದ ಪುಸ್ತಕಗಳು ಸಮುದ್ರದ ಪಾಲಾದವು. ಅದಕ್ಕೆ ಸಿಕ್ಕ ಪರಿಹಾರದ ಹಣದಲ್ಲೇ ಬರೋಡಕ್ಕೆ ಹೊರಟರು ಎಂದು ಅವರ ಚರಿತ್ರೆಕಾರರು ಬರೆಯುತ್ತಾರೆ. ನೀರುಪಾಲಾದ ಪುಸ್ತಕಗಳ ದುಡ್ಡಿನಲ್ಲಿ, ದೇಶದಲ್ಲೇ ಹೆಸರಾದ ಗ್ರಂಥಾಲಯವಿರುವ ಊರಿಗೆ ಅವರು ಬಂದರು.

ಆ ಊರಲ್ಲಿ ಅವರಿಗೆ ಮನೆ ಸಿಗಲಿಲ್ಲ. ಹಿಂದೂ ಹೋಟೆಲುಗಳು ಜಾಗ ಕೊಡುವ ಮಾತೇ ಇರಲಿಲ್ಲ. ಪಾರಸಿಗಳ ಒಂದು ವಸತಿಗೃಹದಲ್ಲಿ ಪಾರಸಿ ಹೆಸರು ಹೇಳಿಕೊಂಡು ಉಳಿದರು. ಮೇಲಿನ ಅಂತಸ್ತಿನ ಒಂದು ಸಣ್ಣ ಕೋಣೆ. ಅದಕ್ಕೆ ಹೊಂದಿಕೊಂಡು ಮುರಿದ ಸಾಮಾನು ತುಂಬಿದ ಒಂದು ದೊಡ್ಡ ಕತ್ತಲ ಹಜಾರ. ಬೇರೆ ಯಾರೂ ಇಲ್ಲ. ರಾತ್ರಿ ಒಂದು ಲಾಂದ್ರ ಇಟ್ಟುಕೊಂಡು ಓದುತ್ತಿದ್ದರು. ಓದುವಾಗ ಒಂಟಿತನ ಮರೆಯುತ್ತಿತ್ತಂತೆ. ಆದರೆ ಬಾವಲಿಗಳು ತಲೆಯ ಮೇಲೆ ಹಾರಾಡಿ, ತಾನು ಎಲ್ಲಿದ್ದೇನೆ ಎಂಬುದನ್ನು ಮತ್ತೆ ನೆನಪು ಮಾಡಿಕೊಡುತ್ತಿದ್ದವಂತೆ. ‘ವೇಯ್ಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ನೆನಪಿನ ಬರಹದಲ್ಲಿ ಅವರೇ ಇದನ್ನೆಲ್ಲ ಹೇಳಿಕೊಂಡಿದ್ದಾರೆ. ಹನ್ನೊಂದನೇ ದಿನ ಬೆಳಗ್ಗೆ ದೊಣ್ಣೆ ಹಿಡಿದ ಹತ್ತು ಹನ್ನೆರಡು ಜನ ಪಾರಸಿಗಳು ಮೆಟ್ಟಿಲು ಹತ್ತಿ ಬಂದರು. ‘ಯಾರು ನೀನು?’ ಎಂದರು. ಸಂಜೆಯೊಳಗೆ ಖಾಲಿ ಮಾಡಬೇಕೆಂದು ಗದರಿಸಿದರು. ಗೆಳೆಯರಾದ ಒಬ್ಬ ಹಿಂದೂ, ಒಬ್ಬ ಕ್ರೈಸ್ತ ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಮುಂಬಯಿ ರೈಲು ರಾತ್ರಿ ಒಂಬತ್ತಕ್ಕೆ. ಅಲ್ಲಿಯವರೆಗೂ ಕಾಮಾಠಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕೂತಿದ್ದರು.

ಓದಲು ಜಾಗವಿಲ್ಲದೆ ಒಂದು ತೋಟದಲ್ಲಿ ಕೂತಿದ್ದ ಹುಡುಗ ಕೊಲಂಬಿಯ, ಲಂಡನ್ನು ಸುತ್ತಿ ಬಂದ ಮೇಲೂ ಮತ್ತೊಂದು ತೋಟದಲ್ಲೇ ಕೂರಬೇಕಾಯಿತು. ಈ ಎರಡು ತೋಟಗಳ ನಡುವೆ ಇದ್ದದ್ದು ಸಯಾಜಿರಾವ್ ಕೊಟ್ಟ ವಿದ್ಯೆ. ಆ ವಿದ್ಯೆ ಬಾಡಿಗೆಗೆ ಒಂದು ಕೋಣೆಯನ್ನು ಗಳಿಸಿಕೊಡಲಿಲ್ಲ.

4

ಇದನ್ನು ಹೇಳುತ್ತಿರುವುದು ಸಯಾಜಿರಾವ್ ಅವರನ್ನು ಸಣ್ಣವರನ್ನಾಗಿ ಮಾಡಲು ಅಲ್ಲ. ಅವರ ಬೆಂಬಲ ಇಲ್ಲದಿದ್ದರೆ ಬಾಬಾಸಾಹೇಬರ ದಾರಿ ಇನ್ನೆಷ್ಟು ಕಲ್ಲುಮುಳ್ಳಿನದಾಗುತ್ತಿತ್ತೋ. ನಾನು ಹೇಳುತ್ತಿರುವುದು ಬೇರೆ. ರಾಜ ಗ್ರಂಥಾಲಯವನ್ನು ಕೊಡಬಹುದು, ಪುಸ್ತಕ ಕೊಡಬಹುದು, ವಿದ್ಯಾರ್ಥಿ ವೇತನ ಕೊಡಬಹುದು. ‘ಸಾರ್ವಜನಿಕ’ವನ್ನು ಕೊಡಲು ಅವನ ಕೈಲಿ ಆಗುವುದಿಲ್ಲ. ಗ್ರಂಥಾಲಯದ ಬಾಗಿಲು ತೆರೆದಿರುವುದು ಹುಕುಂ ಪ್ರಕಾರ. ಆ ಬಾಗಿಲವರೆಗೂ ಇರುವ ಬೀದಿ, ಬೀದಿಯ ಹೋಟೆಲು, ಹೋಟೆಲಿನ ಲೋಟ, ರಾತ್ರಿ ಮಲಗುವ ಕೋಣೆ ಇವೆಲ್ಲ ಇರುವುದು ಜಾತಿಯ ಪ್ರಕಾರ. ಹುಕುಂ ಒಂದು ಕಟ್ಟಡದೊಳಗೆ ನಡೆಯುತ್ತದೆ. ಜಾತಿ ಊರಿನ ತುಂಬ ನಡೆಯುತ್ತದೆ.

ಬಾಬಾಸಾಹೇಬರು ಇದಕ್ಕೆ ಉತ್ತರ ಹುಡುಕಿದ್ದು ಇನ್ನೊಂದು ಗ್ರಂಥಾಲಯದಲ್ಲಿ ಅಲ್ಲ, ಒಂದು ಕೆರೆಯ ದಡದಲ್ಲಿ. ಸರ್ಕಾರಿ ಹಣದಲ್ಲಿ ನಡೆಯುವ ಕೆರೆ, ಬಾವಿ, ಛತ್ರ, ಶಾಲೆ, ಆಸ್ಪತ್ರೆಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು 1923ರಲ್ಲೇ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಸೀ. ಕೆ. ಬೋಲೆ ಅವರ ನಿರ್ಣಯ ಪಾಸಾಗಿತ್ತು. ಮಹಾಡ ಪುರಸಭೆಯೂ 1924ರಲ್ಲಿ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಒಪ್ಪಿಕೊಂಡಿತು. ಕೆರೆ ಕಾಗದದ ಮೇಲೆ ತೆರೆಯಿತು. ಆದರೆ ದಡಕ್ಕೆ ಹೋಗುವ ಧೈರ್ಯ ಯಾರಿಗಿತ್ತು? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ನೀರು ಕುಡಿದ ದಿನವೇ ಅದು ನಿಜವಾಗಿ ಸಾರ್ವಜನಿಕ ಕೆರೆಯಾಗಲು ಮೊದಲಿಟ್ಟದ್ದು. ಆ ದಿನ ಪೆಟ್ಟುಗಳೂ ಬಿದ್ದವು. ಕೋರ್ಟಿನಲ್ಲಿ ಆ ಹಕ್ಕು ಗಟ್ಟಿಯಾಗಲು 1937ರವರೆಗೂ ಕಾಯಬೇಕಾಯಿತು.

ಮಹಾಡದ ಪಾಠ ಇದು: ತೆರೆದಿಡುವುದು ಬೇರೆ, ಬಳಸುವುದು ಬೇರೆ. ಇವೆರಡರ ನಡುವೆ ಇರುವ ದೂರವನ್ನು ನಡೆದು ಮುಗಿಸುವುದಕ್ಕೇ ಚಳುವಳಿ ಅಂತ ಹೆಸರು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಓದಿ ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸರ್ಕಾರದ ಹಣದಲ್ಲಿ ನಡೆಯುವ ಸಾರ್ವಜನಿಕರು ಸೇರುವ ಜಾಗ ಇವುಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಎನ್ನುತ್ತದೆ ಅದು. ಒಂದೊಂದು ಜಾಗದ ಹೆಸರನ್ನೂ ಬಿಡಿಸಿ ಬಿಡಿಸಿ ಬರೆದ ಈ ಪಟ್ಟಿಯ ಹಿಂದೆ ಬರೋಡದ ವಸತಿಗೃಹವೂ ಇದೆ, ಮಹಾಡದ ಕೆರೆಯೂ ಇದೆ ಅಂತ ನನಗೆ ಅನ್ನಿಸುತ್ತದೆ. ಗ್ರಂಥಾಲಯ ಎಂಬ ಪದ ಅಲ್ಲಿ ಇಲ್ಲ. ಆದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ, ಜನ ಬಂದು ಸೇರುವ ಜಾಗ ಅಂದ ಮೇಲೆ ಗ್ರಂಥಾಲಯವೂ ಆ ಸಾಲಿನಲ್ಲಿ ಕೆರೆಯ ಪಕ್ಕದಲ್ಲೇ ನಿಲ್ಲುತ್ತದೆ.

5

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು.

ಎಪ್ಪತ್ತರ ದಶಕದಲ್ಲಿ ನಮ್ಮೂರಿಗೆ ಒಂದು ವಾಚನಾಲಯ ಬಂತು. ಬೋರ್ಡಿನ ಮೇಲೆ ‘ಸಾರ್ವಜನಿಕ’ ಅಂತ ದೊಡ್ಡದಾಗಿ ಬರೆದಿತ್ತು. ಅದನ್ನಿಟ್ಟದ್ದು ಊರೊಳಗೆ, ಗುಡಿಯ ಮಗ್ಗುಲ ಒಂದು ಕೋಣೆಯಲ್ಲಿ. ಮುಂದೆ ಎತ್ತರದ ಜಗಲಿ. ನಮ್ಮ ಕೇರಿಯವರು ಜಗಲಿ ಹತ್ತಬಾರದು ಅಂತ ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಬೀದಿಯಲ್ಲೇ ನಿಂತು, ಹೆಗಲ ಮೇಲಿನ ಟವಲು ಕೈಗೆ ತಗೊಂಡು, ‘ಬುದ್ಧೀ, ನಮ್ ಹೈದ ಓದ್ತನೆ, ಒಂದು ಪುಸ್ತ್ಕ ಕೊಟ್ಟೀರಾ?’ ಅಂದ. ವಾಚನಾಲಯ ನೋಡಿಕೊಳ್ಳುತ್ತಿದ್ದವರು ಕೆಟ್ಟವರಲ್ಲ. ನಗುತ್ತಲೇ, ‘ಯಾವ ಪುಸ್ತಕ ಬೇಕೋ ಹೇಳ್ಲಾ, ತಂದ್ಕೊಡ್ತೀನಿ’ ಅಂದರು.

ಯಾವ ಪುಸ್ತಕ ಬೇಕು? ನನಗೆ ಪಠ್ಯಪುಸ್ತಕ ಬಿಟ್ಟು ಒಂದು ಪುಸ್ತಕದ ಹೆಸರೂ ಗೊತ್ತಿರಲಿಲ್ಲ. ಕಂಡೇ ಇಲ್ಲದ ಪುಸ್ತಕವನ್ನು ಹೆಸರಿಟ್ಟು ಕೇಳುವುದು ಹೇಗೆ? ಸುಮ್ಮನೆ ನಿಂತೆ. ‘ಗೊತ್ತಾದ ಮೇಲೆ ಬಾ’ ಅಂದರು. ಅಪ್ಪ ದಾರಿಯುದ್ದಕ್ಕೂ, ‘ಒಂದು ಹೆಸ್ರು ಹೇಳಕ್ಕಾಗ್ನಿಲ್ವಲ್ಲೋ’ ಅಂತ ಬೈದ. ನನ್ನ ದಡ್ಡತನದಿಂದ ಹೀಗಾಯಿತು ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಮುಂದೆ ತಾಲ್ಲೂಕಿನ ಹಾಸ್ಟೆಲ್ ಸೇರಿ, ದಲಿತ ಸಂಘರ್ಷ ಸಮಿತಿಯ ಗೆಳೆಯರು ಕೈಗಿಟ್ಟ ಪುಸ್ತಕಗಳನ್ನು ಓದಿ, ಕಾಲೇಜಿನ ಲೈಬ್ರರಿಯಲ್ಲಿ ಕಪಾಟುಗಳ ನಡುವೆ ನಾನೇ ನಡೆದಾಡಿ ಕೈಗೆ ಬಂದದ್ದನ್ನು ಎಳೆದು ನೋಡಿದ ದಿನ, ತಪ್ಪು ನನ್ನದಲ್ಲ ಅಂತ ಹೊಳೆಯಿತು.

ಇದಕ್ಕೆ ಗ್ರಂಥಾಲಯ ಶಾಸ್ತ್ರದಲ್ಲೇ ಒಂದು ಹೆಸರಿದೆ ಅಂತ ಎಸ್. ಆರ್. ರಂಗನಾಥನ್ ಅವರನ್ನು ಓದಿದಾಗ ತಿಳಿಯಿತು. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದ ರಂಗನಾಥನ್, 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಕೆಗೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಹೊತ್ತು ಉಳಿಸಬೇಕು. ಗ್ರಂಥಾಲಯ ಬೆಳೆಯುವ ಜೀವಿ. ಮೂರನೇ ಸೂತ್ರ ನಡೆಯಬೇಕಾದರೆ ಓದುಗನೇ ಕಪಾಟಿನ ಹತ್ತಿರ ಹೋಗಿ, ಮುಟ್ಟಿ, ತಿರುವಿ ಹಾಕಿ ನೋಡುವಂತಿರಬೇಕು ಎಂದು ಅವರು ವಾದಿಸುತ್ತಾರೆ. ಇದಕ್ಕೆ ಓಪನ್ ಆಕ್ಸೆಸ್ ಎನ್ನುತ್ತಾರೆ. ಗ್ರಂಥಾಲಯದವರಿಗೆ ಇದು ಒಂದು ತಾಂತ್ರಿಕ ಪದ. ನಮ್ಮ ಕೇರಿಯಿಂದ ನೋಡಿದರೆ ಇದು ಮುಟ್ಟುವ ಹಕ್ಕು. ಜಗಲಿಯ ಕೆಳಗೆ ನಿಲ್ಲಿಸಿ ‘ಯಾವುದು ಬೇಕು ಹೇಳು’ ಎನ್ನುವುದು ಸೌಜನ್ಯದ ಮಾತಿನಂತೆ ಕೇಳಿದರೂ, ಹೋಟೆಲಿನ ಹೊರಗೆ ನಿಲ್ಲಿಸಿ ಮೇಲಿಂದ ಟೀ ಸುರಿಯುವುದರ ನೆಂಟನೇ ಅದು.

ಎರಡನೇ ಸೂತ್ರವನ್ನು ವಿವರಿಸುವಾಗ ರಂಗನಾಥನ್, ಪುಸ್ತಕ ಆಯ್ದ ಕೆಲವರದಲ್ಲ, ಎಲ್ಲರದು ಎನ್ನುತ್ತಾರೆ. ಮೇಲಿನವರು–ಜನಸಾಮಾನ್ಯರು, ಗಂಡಸರು–ಹೆಂಗಸರು, ಪೇಟೆಯವರು–ಹಳ್ಳಿಯವರು ಎಂದು ಜೋಡಿ ಜೋಡಿಯಾಗಿ ಇಟ್ಟು ಚರ್ಚಿಸುತ್ತಾರೆ. ಇದರ ಜೊತೆಗೆ ಊರು–ಕೇರಿ ಎಂಬ ಜೋಡಿಯನ್ನು ಇಟ್ಟು ಓದುವುದು ನಮ್ಮ ಕೆಲಸ. ಪೆಟ್ಟಿಗೆ ಹಳ್ಳಿಗೆ ತಲುಪಿದರೆ ಸಾಲದು. ಹಳ್ಳಿಯೊಳಗೆ ಯಾರ ಮನೆ ಪಡಸಾಲೆಯಲ್ಲಿ ಅದನ್ನು ಇಳಿಸಿದರು ಎಂಬುದೇ ಮುಖ್ಯ. ಗ್ರಂಥಾಲಯದ ಶಾಸ್ತ್ರ ಹಳ್ಳಿಯನ್ನು ಒಂದು ಘಟಕ ಅಂತ ಲೆಕ್ಕ ಹಾಕುತ್ತದೆ. ನಾವು ಅಲ್ಲಿ ಎರಡನ್ನು ಕಂಡವರು.

6

ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1972ರಲ್ಲಿ ತೀರಿಕೊಂಡದ್ದೂ ಅಲ್ಲೇ. ನಮ್ಮ ರಾಜ್ಯದಲ್ಲಿ 1965ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಮನೆಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಕೇರಿಯ ಹೆಂಚಿನ ಮನೆಯೂ ಇದನ್ನು ಕಟ್ಟುತ್ತದೆ. ಅಂದರೆ ಗ್ರಂಥಾಲಯ ಈಗ ರಾಜ ಕೊಟ್ಟದ್ದಲ್ಲ, ನಾವು ದುಡ್ಡು ಕೊಟ್ಟು ನಡೆಸುತ್ತಿರುವುದು. ಬರೋಡಕ್ಕೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಬೇಡುವ ಜಾಗದಲ್ಲಿ ನಾವಿಲ್ಲ, ಲೆಕ್ಕ ಕೇಳುವ ಜಾಗದಲ್ಲಿ ಇದ್ದೇವೆ.

1961ರ ಜನಗಣತಿಯಲ್ಲಿ ದೇಶದ ಪರಿಶಿಷ್ಟ ಜಾತಿಗಳ ಸಾಕ್ಷರತೆ ಶೇಕಡಾ ಸುಮಾರು 10. 2011ರಲ್ಲಿ ಅದು ಶೇಕಡಾ 66. ಓದಬಲ್ಲವರ ಇಷ್ಟು ದೊಡ್ಡ ಪಡೆ ನಮ್ಮ ಚರಿತ್ರೆಯಲ್ಲಿ ಹಿಂದೆಂದೂ ಇರಲಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಒಳ್ಳೆಯ ಹೆಸರೂ ಬಂದಿದೆ. ಹೆಸರು ಬಂದಾಗ ಕೇಳಬೇಕಾದ ಹಳೆಯ ಪ್ರಶ್ನೆಗಳನ್ನು ನಾವು ಬಿಡಬಾರದು. ಕಟ್ಟಡ ಎಲ್ಲಿದೆ, ಯಾವ ಬೀದಿ ದಾಟಿ ಹೋಗಬೇಕು? ಕೇರಿಯ ಹೆಣ್ಣುಮಗಳು ಸಂಜೆ ಹೋಗಿ ಒಂದು ಗಂಟೆ ಕೂರಬಲ್ಲಳೇ? ಕಪಾಟಿಗೆ ಬೀಗ ಇದೆಯೇ, ಬೀಗದ ಕೈ ಯಾರ ಹತ್ತಿರ? ಯಾವ ಪುಸ್ತಕ ಕೊಳ್ಳಬೇಕೆಂದು ತೀರ್ಮಾನ ಮಾಡುವವರು ಯಾರು? ಅಂಬೇಡ್ಕರ್ ಬರಹಗಳ ಕನ್ನಡ ಸಂಪುಟಗಳು ಇವೆಯೇ, ಇದ್ದರೆ ಮೇಲಿನ ಅರೆಯಲ್ಲಿ ದೂಳು ಹಿಡಿದು ಕೂತಿವೆಯೋ, ಕೈಗೆ ಎಟಕುತ್ತವೆಯೋ?

ನಮ್ಮ ಸಂಘಟನೆಗಳು ಭೂಮಿಗೆ ಹೋರಾಡಿವೆ, ನೀರಿಗೆ ಹೋರಾಡಿವೆ, ಹಾಸ್ಟೆಲಿನ ಅನ್ನಕ್ಕೆ ಹೋರಾಡಿವೆ. ಗ್ರಂಥಾಲಯವನ್ನು ಮಾತ್ರ ಓದುವವರ ಖಾಸಗಿ ವಿಷಯ ಅಂತ ಬಿಟ್ಟುಬಿಟ್ಟೆವು. ಪುಸ್ತಕ ಇಡಲೆಂದೇ ಜಾಗ ಮಾಡಿ ದಾದರಿನಲ್ಲಿ ರಾಜಗೃಹ ಎಂಬ ಮನೆ ಕಟ್ಟಿಸಿದವರ ಹೆಸರು ಹೇಳುವ ನಾವು ಇದನ್ನು ಬಿಡಬಾರದಿತ್ತು. ಇನ್ನಾದರೂ ಗ್ರಂಥಾಲಯ ಚಳುವಳಿಯ ಚರಿತ್ರೆಯನ್ನು ಕಟ್ಟಿಸಿದವರ ಕಡೆಯಿಂದ ಮಾತ್ರ ಬರೆಯುವುದು ನಿಲ್ಲಬೇಕು. ಲಾಂದ್ರದ ಬೆಳಕಿನಲ್ಲಿ, ಬಾವಲಿಗಳ ಸದ್ದಿನಲ್ಲಿ ಓದಿದವನ ಕಡೆಯಿಂದಲೂ ಅದನ್ನು ಬರೆಯಬೇಕು. ಬರೆಯುವುದರ ಜೊತೆಗೆ ನಾಳೆ ಬೆಳಗ್ಗೆ ನಮ್ಮ ನಮ್ಮ ಊರಿನ ಗ್ರಂಥಾಲಯಕ್ಕೆ ಕೇರಿಯ ಹತ್ತು ಮಕ್ಕಳನ್ನು ಕರೆದುಕೊಂಡು ಹೋಗಬೇಕು. ಯಾವ ಪುಸ್ತಕ ಬೇಕು ಅಂತ ಯಾರಾದರೂ ಕೇಳಿದರೆ, ‘ಗೊತ್ತಿಲ್ಲ, ನೋಡಿ ಹೇಳ್ತೀವಿ’ ಅಂದು, ನೇರ ಕಪಾಟಿನ ಹತ್ತಿರ ನಡೆಯುವುದನ್ನು ಆ ಮಕ್ಕಳಿಗೆ ಕಲಿಸಬೇಕು.